ನಳಿಗೆಯಲ್ಲಿ ಆಕಾಶ ನೋಡುವ ಉಳವಪ್ಪ

ಅಕ್ಕಿಆಲೂರಿನಿಂದ ಹರದಾರಿ ದೂರದ ಆ ಊರಿನಲ್ಲಿ ಉಳವಪ್ಪ ಎಂಬ ಹೆಸರಿನವರು ಮೂವರಿದ್ದರು. ಒಬ್ಬ ಗಿರಣಿ ಉಳವಪ್ಪ, ಇನ್ನೊಬ್ಬ ಕುಂಟ ಉಳವಪ್ಪ. ಮೂರನೆಯವನನ್ನು ಜನ ‘ಆಕಾಶ ನೋಡೋ ಉಳವಪ್ಪ’ ಎಂದು ಕರೆಯುತ್ತಿದ್ದರು. ಹೊಸಬರು ಈ ಹೆಸರು ಕೇಳಿ, ಇವನು ಮಳೆ ಹೇಳುವವನೋ ಪಂಚಾಂಗ ಬಲ್ಲವನೋ ಇರಬೇಕು ಎಂದುಕೊಳ್ಳುತ್ತಿದ್ದರು. ಅವನು ಎರಡೂ ಅಲ್ಲ. ಭತ್ತದ ಗದ್ದೆ, ಒಂದು ಜೋಡಿ ಎತ್ತು, ಅವ್ವ, ಒಬ್ಬ ತಮ್ಮ, ಇಷ್ಟೇ ಅವನ ಸಂಸಾರ. ಅವನ ಬಗ್ಗೆ ಊರಿಗೆಲ್ಲ ಗೊತ್ತಿದ್ದ ಇನ್ನೊಂದು ಮಾತೆಂದರೆ, ಅವನು ಬಂದೂಕಿಗೆ ಅಂಜುತ್ತಿದ್ದ. ಹಾಗೆ ಅಂಜುವವನ ಮನೆಗೆ ಬಂದೂಕು ಬಂದದ್ದು, ಅದನ್ನು ಅವನೇ ಆರಿಸಿ ತಂದದ್ದು ಹೇಗೆಂಬುದು ಅವನ ಬದುಕಿನ ದೊಡ್ಡ ಕತೆ.

ಅಂಜಿಕೆಗೆ ಕಾರಣವಿತ್ತು. ಅವನ ಅಪ್ಪ ಫಕ್ಕೀರಪ್ಪನ ಹತ್ತಿರ ಹಳೆಯ ಕೇಪಿನ ಬಂದೂಕು ಇತ್ತು. ನಳಿಗೆಯ ಬಾಯಿಯಿಂದ ಮದ್ದು, ಸೀಸದ ಚರೆ ಸುರಿದು, ಉದ್ದನೆಯ ಗಜದಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಒಂದು ಕೇಪು ಇಟ್ಟು ಹೊಡೆಯುವಂಥದ್ದು. ಗದ್ದೆಗೆ ಹಂದಿ ನುಗ್ಗಿದಾಗ ಮದ್ದು ಜಡಿಯುತ್ತ ಕೂಡಲಿಕ್ಕೆ ಆಗುತ್ತದೆಯೇ? ಆದ್ದರಿಂದ ಫಕ್ಕೀರಪ್ಪ ಅದನ್ನು ಯಾವಾಗಲೂ ತುಂಬಿಯೇ ಗೂಟಕ್ಕೆ ತೂಗುಹಾಕುತ್ತಿದ್ದ. ಒಂದು ವರ್ಷ ಬನ್ನಿ ಹಬ್ಬದ ಸಂಜೆ ಅದನ್ನು ಬಯಲಿಗೆ ಒಯ್ದು, ಕೇಪು ಇಟ್ಟು ಹೊಡೆದ. ನಳಿಗೆ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಹೋಯಿತು. ಎಡಗೈ ಚಿಂದಿಯಾಯಿತು. ಪಕ್ಕದಲ್ಲೇ ನಿಂತಿದ್ದ ಉಳವಪ್ಪನ ಮುಖದ ಮೇಲೆ ಬಿದ್ದದ್ದು ಮದ್ದೋ ರಕ್ತವೋ ಅವನಿಗೆ ತಿಳಿಯಲಿಲ್ಲ. ಗಾಯಕ್ಕೆ ಧನುರ್ವಾಯು ಏರಿ ಫಕ್ಕೀರಪ್ಪ ದೀಪಾವಳಿ ಕಾಣಲಿಲ್ಲ. ತಮ್ಮ ನೀಲಪ್ಪ ಆಗ ತೊಟ್ಟಿಲಲ್ಲಿದ್ದ.

ಕಬ್ಬಿಣ ಹಳೆಯದಾಗಿತ್ತು ಎಂದರು ಕೆಲವರು. ಮದ್ದು ಹೆಚ್ಚಾಗಿತ್ತು ಎಂದರು ಕೆಲವರು. ಅವ್ವ ತಿಪ್ಪವ್ವ ಏನೂ ಅನ್ನಲಿಲ್ಲ. ಒಡೆದ ನಳಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಹೊಳೆಯ ಮಡುವಿಗೆ ಹಾಕಿಸಿದಳು. ಅಂದಿನಿಂದ ಉಳವಪ್ಪ ಮದುವೆಯಲ್ಲಿ ಗರ್ನಾಲು ಹಾರಿಸುವಾಗ ಹಂದರ ಬಿಟ್ಟು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದ. ಮೂವತ್ತು ದಾಟಿದ ಮೇಲೂ ಆ ಅಭ್ಯಾಸ ಹೋಗಿರಲಿಲ್ಲ.

ನೀಲಪ್ಪ ಅಪ್ಪನ ಮುಖ ನೋಡಿದವನಲ್ಲ, ಆದರೆ ಅಪ್ಪನ ಕಣ್ಣು ಅವನಿಗೆ ಬಂದಿತ್ತು. ಆ ಸೀಮೆಯಲ್ಲಿ ಬನ್ನಿಯ ಸಂಜೆ ಒಂದು ಆಟ ನಡೆಯುತ್ತಿತ್ತು. ಕುಂಬಾರ ಮಂಜಪ್ಪ ಆವಿಗೆಯಲ್ಲಿ ಸೊಟ್ಟಾದ, ಮಾರಲಿಕ್ಕೆ ಬಾರದ ಗಡಿಗೆ ಮುಚ್ಚಳಗಳನ್ನು ಹೇರಿಕೊಂಡು ಬಯಲಿಗೆ ಬರುತ್ತಿದ್ದ. ಒಂದೊಂದನ್ನೇ ಮೇಲಕ್ಕೆ ಬೀಸಿ ಎಸೆಯುತ್ತಿದ್ದ. ಬಂದೂಕಿನವರು ಅದನ್ನು ಗಾಳಿಯಲ್ಲೇ ಒಡೆಯಬೇಕು. ಗೆದ್ದವನ ಕೈಯಿಂದ ಊರ ಹಿರಿಯರು ಮೊದಲ ಬನ್ನಿ ಪಡೆಯುವುದು ರೂಢಿ. ತಡಸದಿಂದ, ಹಿರೇಕೆರೂರು ಕಡೆಯಿಂದಲೂ ಬಂದೂಕಿನವರು ಬರುತ್ತಿದ್ದರು. ನೀಲಪ್ಪ ಎರಡು ವರ್ಷ ತಡಸದ ಗುದ್ಲೆಪ್ಪನ ಬಂದೂಕು ಇಸಿದುಕೊಂಡು ಹೊಡೆದ. ಎರಡನೆಯ ವರ್ಷ ಗುದ್ಲೆಪ್ಪನಿಗಿಂತ ಚೆನ್ನಾಗಿ ಹೊಡೆದ. ಗುದ್ಲೆಪ್ಪನಿಗೆ ಅದು ಹಿಡಿಸಲಿಲ್ಲ.

“ಎರವಲು ಮೂಗುತಿ ಇಟ್ಕೊಂಡು ಎಷ್ಟು ಮದವಿಗೆ ಹೋಗ್ತೀಯೋ ತಮ್ಮಾ? ಮುಂದಿನ ವರ್ಷ ನಿನ್ನ ಸ್ವಂತದ್ದು ತಗೊಂಡ ಬಾ. ಇಲ್ಲಾಂದ್ರ ನಿಮ್ಮಣ್ಣನ ಜೋಡಿ ಹಿತ್ತಲದಾಗ ನಿಂದ್ರು” ಎಂದ ಎಲ್ಲರೆದುರು.

ನೀಲಪ್ಪ ಮನೆಗೆ ಬಂದು ಊಟ ಬಿಟ್ಟ. ಉಳವಪ್ಪ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ.

“ಲೈಸನ್ಸಿಗೆ ಅರ್ಜಿ ಹಾಕು ಅಣ್ಣಾ. ಹಂದಿ ಕಾಟ ಖರೇನ ಐತಿ, ಕೊಡ್ತಾರ. ನಿನಗ ಆಗೂದಿಲ್ಲ ಅಂದ್ರ ಹೇಳಿಬಿಡು. ಕಮ್ಮಾರಗ ಹೇಳಿ ಒಂದು ಕಳ್ಳಬಂದೂಕು ಮಾಡಿಸ್ಕೋತೇನಿ.”

ಗಾಡಿಯ ಪಟ್ಟಿ ಬಡಿದು ಮಾಡಿದ ನಳಿಗೆ ಎಷ್ಟು ದಿನ ತಾಳೀತು? ತಮ್ಮ ಹಟಮಾರಿ, ಅಂದದ್ದು ಮಾಡುವವನೇ. ಬಂದೂಕು ಬರುವುದು ತಪ್ಪದಿದ್ದರೆ ಅದನ್ನು ತಾನೇ ಆರಿಸಬೇಕು, ಅಂಜುವವನೇ ಆರಿಸಬೇಕು ಎಂದು ಉಳವಪ್ಪನಿಗೆ ಹೊಳೆದದ್ದು ಆವಾಗ. ಹಾನಗಲ್ಲಿಗೆ ಅಲೆದು, ಧಾರವಾಡಕ್ಕೆ ಅಲೆದು, ಬೆಳೆ ಕಾಯುವ ಸಲುವಾಗಿ ಎಂದು ಲೈಸನ್ಸು ಪಡೆದ. ಅಣ್ಣ ತಮ್ಮ ಇಬ್ಬರ ಹೆಸರೂ ಅದರಲ್ಲಿತ್ತು. ಏಕೀಕರಣವಾಗಿ ಐದು ವರ್ಷವಾದ ಕಾಲ ಅದು.

ಸವಣೂರಿನಲ್ಲಿ ಮಲ್ಲಿಕಸಾಬ ಎಂಬ ಬಂದೂಕು ದುರಸ್ತಿಯವನಿದ್ದ. ಹಳೆಯ ದೊಡ್ಡ ಮನೆತನದವರು ಮಾರಲಿಕ್ಕೆ ಕೊಟ್ಟ ಬಂದೂಕುಗಳೂ ಅವನ ಅಂಗಡಿಯಲ್ಲಿರುತ್ತಿದ್ದವು. ಹೊಸ ಬಂದೂಕಿನ ಮಾತು ಉಳವಪ್ಪನಂಥವರಿಗೆ ದೂರ. ಒಂದು ಎಮ್ಮೆ ಮಾರಿದ ದುಡ್ಡಿನಲ್ಲಿ ಏನು ಬರುತ್ತದೋ ಅದು. ಅಣ್ಣ ತಮ್ಮ ಬಸ್ಸಿಳಿದು ಅಂಗಡಿಗೆ ಹೋದಾಗ ಮಲ್ಲಿಕಸಾಬ ಎಣ್ಣೆಯ ಕೈ ಒರೆಸಿಕೊಳ್ಳುತ್ತ, “ಬರ್ರಿ, ಕುಂತ್ರಿ” ಎಂದ. ಗೋಡೆಗೆ ಸಾಲಾಗಿ ಬಂದೂಕು. ಉಳವಪ್ಪ ಅವುಗಳ ಬಾಯಿ ತನ್ನ ಕಡೆ ಇಲ್ಲದ ಮೂಲೆ ಹುಡುಕಿ ಕುಳಿತ.

“ಸಾಹೇಬ್ರ, ಇದರಾಗ ಸಿಡೀಲಾರದ್ದು ಯಾವ್ದೈತ್ರಿ?” ಎಂದು ಕೇಳಿದ.

ಮಲ್ಲಿಕಸಾಬ ಅವನನ್ನೇ ನೋಡಿದ. “ಸಿಡೀಲಾರದ್ದು ಬೇಕಂದ್ರ ಒಲಿ ಊದೋ ಕೊಳವಿ ತಗೊಂಡ ಹೋಗ್ರಿ. ಬಂದೂಕು ಸಿಡೀಬೇಕ್ರಿ ಯಜಮಾನ್ರ. ಕೈಯಾಗ ಸಿಡೀಬಾರದು, ಅಷ್ಟ.”

ನೀಲಪ್ಪ ನಕ್ಕ. ಉಳವಪ್ಪ ನಗಲಿಲ್ಲ. “ಹಂಗಾದ್ರ ಕೈಯಾಗ ಸಿಡೀಲಾರದ್ದು ತೋರಿಸ್ರಿ” ಎಂದ.

ಅಷ್ಟರಲ್ಲಿ ನೀಲಪ್ಪನ ಕಣ್ಣು ಒಂದು ಜೋಡುನಳಿಗೆಯ ಮೇಲೆ ನೆಟ್ಟಿತ್ತು. ನಳಿಗೆಯ ಮೈತುಂಬ ಹಾವಿನ ಪೊರೆಯಂಥ ಸುರುಳಿ ಸುರುಳಿ ಚಿತ್ತಾರ, ಬೆಳ್ಳಿಯ ಕೆತ್ತನೆ. ಬೆಲೆ ಕೇಳಿದರೆ ಎಮ್ಮೆಯ ದುಡ್ಡಿಗಿಂತ ಕಡಿಮೆ. ನೀಲಪ್ಪನಿಗೆ ನಂಬಿಕೆಯೇ ಆಗಲಿಲ್ಲ. ಅಷ್ಟು ಅಗ್ಗವೇಕೆ ಎಂಬುದೇ ಉಳವಪ್ಪನಿಗೆ ಅನುಮಾನ.

“ಚಂದ ಐತಿ, ಅಗ್ಗ ಐತಿ. ಯಾಕ್ರಿ?” ಎಂದ.

“ಯಾಕಂದ್ರ ಅದು ಹಳೇ ಕಾಲದ್ದು. ಕಬ್ಬಿಣದ ಪಟ್ಟಿ ಸುತ್ತಿ ಸುತ್ತಿ ಬೆಸ್ದು ಮಾಡ್ಯಾರ. ಅದಕ್ಕ ಆ ಚಿತ್ತಾರ. ಕರಿಮದ್ದಿಗೆ ಮಾಡಿದ್ದು. ಈಗಿನ ತೋಟಾದ ಮದ್ದು ಭಾಳ ಬಿರುಸು, ಅದಕ್ಕ ಇದು ತಾಳ್ತೈತಿ ಅಂತ ನಾ ಹೇಳೂದಿಲ್ಲ. ಗ್ವಾಡಿಗೆ ಹಾಕಾಕ ಛಲೋ.”

“ನಾ ಕರಿಮದ್ದ ಹಾಕಿ ಹೊಡೀತೇನಿ, ಬಿಡ್ರಿ” ಎಂದ ನೀಲಪ್ಪ.

“ಅಪ್ಪನೂ ಕರಿಮದ್ದ ಹಾಕತಿದ್ದ” ಎಂದ ಉಳವಪ್ಪ.

ಮಲ್ಲಿಕಸಾಬ ಒಳಗಿನಿಂದ ಒಂಟಿನಳಿಗೆಯದೊಂದು ತಂದ. ಯಾವ ಕೆತ್ತನೆಯೂ ಇಲ್ಲ. ಹೆಗಲಿಗೆ ಕೊಡುವ ಮರದ ಕುಂದಾ ಒಂದು ಕಡೆ ಬಿರುಕು ಬಿಟ್ಟಿತ್ತು, ಅದಕ್ಕೆ ಹಿತ್ತಾಳೆಯ ಪಟ್ಟಿ ಬಡಿದಿತ್ತು. ನೀಲಪ್ಪನ ಮುಖ ಸಣ್ಣದಾಯಿತು. “ಇದೇನು, ಕೊಡ್ಲಿ ಕಾವಿನಂಗ ಐತಿ” ಎಂದ.

“ಬನ್ನಿಗೆ ಮುಚ್ಚಳ ಹೊಡ್ಯಾಕಲಾ ಬೇಕಾಗಿದ್ದು?” ಎಂದ ಮಲ್ಲಿಕಸಾಬ. “ಹಂಗಾದ್ರ ಇದ ಕೇಳು ತಮ್ಮಾ. ಬಾಯಿ ಬಿಗಿ ಇದ್ದ ನಳಿಗಿ ಚರೆ ಒತ್ತಟ್ಟಿಗೆ ಒಗೀತೈತಿ, ಅದು ದೂರ ಕುಂತ ಬ್ಯಾಟಿಗೆ. ಹಾರೂದಕ್ಕ ಬಾಯಿ ಸಡಿಲ ಇರ್ಬೇಕು, ಚರೆ ಹರಡ್ಬೇಕು. ಇದರ ಬಾಯಿ ಸಡಿಲ ಐತಿ, ನಳಿಗಿ ಗಟ್ಟಿ ಉಕ್ಕಿಂದು, ಈಗಿನ ತೋಟಾಕ್ಕ ತಾಳ್ತೈತಿ. ತೂಕಾನೂ ಐತಿ, ಹೆಗಲಿಗೆ ಒದ್ಯಾಂಗಿಲ್ಲ. ಕಣ್ಣು ಮುಚ್ಚು. ಹೆಗಲಿಗೆ ತಗೋ. ಈಗ ಕಣ್ಣು ತೆರಿ. ಏನ್ ಕಾಣಾಕತ್ತೈತಿ?”

“ನಳಿಗಿ ಬೆನ್ನು ಕಾಣಾಕತ್ತೈತಿ, ಮುಂದಿನ ಗುರಿ ಮಣಿ ಕಾಣವಲ್ದು.”

“ಕುಂದಾ ಉದ್ದ ಆತು. ಒಂದು ಬೆರಳು ಕೊಯ್ದು ಕೊಡ್ತೇನಿ.”

ಆದರೆ ಉಳವಪ್ಪನನ್ನು ಗೆದ್ದದ್ದು ಬಾಯಿಯೂ ಅಲ್ಲ, ತೂಕವೂ ಅಲ್ಲ. ಮಲ್ಲಿಕಸಾಬ ಒಂದು ಕೀಲು ಒತ್ತಿ ಬಂದೂಕನ್ನು ನಡುವಿನಲ್ಲಿ ಮಡಚಿದ. ನಳಿಗೆ ಹಿಂದಿನಿಂದ ತೆರೆದುಕೊಂಡಿತು. ಅದರ ಬಾಯನ್ನು ಬಾಗಿಲ ಕಡೆ ಎತ್ತಿ, “ನೋಡ್ರಿ” ಎಂದ. ಉಳವಪ್ಪ ಹೆದರುತ್ತ ಹಿಂದಿನಿಂದ ಒಂದು ಕಣ್ಣು ಇಟ್ಟ. ಒಳಗೆಲ್ಲ ಕನ್ನಡಿಯಂತೆ ಬೆಳಕು ಸುತ್ತುತ್ತಿತ್ತು. ಆ ತುದಿಯಲ್ಲಿ ಪಾವಲಿ ನಾಣ್ಯದಷ್ಟು ಅಗಲದ ನೀಲಿ ಆಕಾಶ.

ಅಪ್ಪನ ಬಂದೂಕಿನ ಹಿಂಬದಿ ಮುಚ್ಚಿತ್ತು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ದೇವರಿಗೂ ಕಾಣುತ್ತಿರಲಿಲ್ಲ.

“ಇದ ಇರ್ಲಿ” ಎಂದ ಉಳವಪ್ಪ. ತಮ್ಮ ಎಷ್ಟು ಗೊಣಗಿದರೂ ಕೇಳಲಿಲ್ಲ. ಮರಳಿ ಬರುವಾಗ ಅವ್ವನಿಗೆಂದು ಒಂದು ಕಟ್ಟು ಸವಣೂರ ವೀಳ್ಯದ ಎಲೆ ಕೊಂಡ. ತಿಪ್ಪವ್ವನಿಗೆ ಬೇರೆ ಊರಿನ ಎಲೆ ಸೇರುತ್ತಿರಲಿಲ್ಲ.

ಬಂದೂಕು ಹೊಸ್ತಿಲು ದಾಟುವಾಗ ತಿಪ್ಪವ್ವ ಅಳುತ್ತಾಳೆ, ಬೈಯುತ್ತಾಳೆ ಎಂದು ಉಳವಪ್ಪ ದಾರಿಯುದ್ದಕ್ಕೂ ಅಂಜಿದ್ದ. ಅವಳು ಎರಡೂ ಮಾಡಲಿಲ್ಲ. ಹೊಸ ಸೊಸೆಗೆ ಮಾಡುವಂತೆ ನೀರು ಇಳಿಸಿ ಚೆಲ್ಲಿದಳು. ಬಹಳ ಹೊತ್ತು ನೋಡಿ, “ಈಕಿನ್ನರ ಛಂದಂಗ ನೋಡ್ಕೋಬೇಕು” ಎಂದಳು. ಅಷ್ಟೇ.

ಅಂದಿನಿಂದ ಉಳವಪ್ಪನದೊಂದು ನೇಮವಾಯಿತು. ಬಂದೂಕು ಗೂಟದಿಂದ ಇಳಿದರೆ ಮೊದಲು ಅವನ ಕೈಗೆ ಬರಬೇಕು. ಮಡಚಿ, ಬಾಯಿ ಮೇಲೆತ್ತಿ, ಆಕಾಶ ಕಾಣುವವರೆಗೆ ನೋಡಿ, ಆಮೇಲೆ ತಮ್ಮನಿಗೆ ಕೊಡಬೇಕು. ಮರಳಿ ಬಂದ ಮೇಲೆ ಮತ್ತೆ ಹಾಗೆಯೇ. ನೀಲಪ್ಪ ಗದ್ದೆಯಲ್ಲಿ ಈಡು ಹಾರಿಸಿದ ಸಪ್ಪಳ ಕೇಳಿದಾಗಲೆಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು, ತಮ್ಮನ ದನಿ ಕೇಳುವವರೆಗೆ ಉಸಿರು ಹಿಡಿದು ನಿಲ್ಲುತ್ತಿದ್ದ.

“ಹೆಣ್ಣು ನೋಡಾಕ ಹೋದಾವ್ರೂ ಇಷ್ಟು ನೋಡಾಂಗಿಲ್ಲ ಅಣ್ಣಾ” ಎಂದು ನೀಲಪ್ಪ ನಗುತ್ತಿದ್ದ.

“ನಗು. ನಗಾಕ ಬಾಯಿರಲಿ ಅಂತ ನೋಡಾಕತ್ತೇನಿ” ಎನ್ನುತ್ತಿದ್ದ ಉಳವಪ್ಪ.

ಮಹಾನವಮಿ ಬಂತು. ಕುಡುಗೋಲು, ಕೊಡಲಿ, ಬಿತ್ತುವ ಕೂರಿಗೆ, ಎಲ್ಲ ತೊಳೆದು ಜಗಲಿಯ ಮೇಲೆ ಪೂಜೆಗೆ ಇಟ್ಟರು. ನಡುವೆ ಮಣೆಯ ಮೇಲೆ ಬಂದೂಕು. ಪೂಜೆಗೆ ಕುಳಿತ ಆಯುಧವನ್ನು ಮರುದಿನ ಬನ್ನಿಗೆ ಹೊರಡುವವರೆಗೆ ಯಾರೂ ಮುಟ್ಟಬಾರದು, ಬಿಚ್ಚಬಾರದು ಎಂಬುದು ಮನೆಯ ಕಟ್ಟು. ಪೂಜೆಯ ಹೊತ್ತಿಗೆ ಎತ್ತಿನ ಕಾಲಿಗೆ ಮೊಳೆ ಚುಚ್ಚಿ, ಉಳವಪ್ಪ ದನದ ಅಂಕಣದಲ್ಲಿ ಸಿಕ್ಕಿಬಿದ್ದಿದ್ದ. ಅವನು ಬರುವಷ್ಟರಲ್ಲಿ ತಿಪ್ಪವ್ವ ಎಲ್ಲ ಮುಗಿಸಿ ಕರ್ಪೂರ ಹಚ್ಚಿದ್ದಳು. ಬಂದೂಕಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಉಳವಪ್ಪ ದೂರದಿಂದಲೇ ಕೈಮುಗಿದ.

ಮರುದಿನ ಸಂಜೆ ನೀಲಪ್ಪ ಮಾಲೆ ಸಮೇತ ಬಂದೂಕು ಎತ್ತಿಕೊಂಡು ಮೊದಲೇ ಹೊರಟುಹೋಗಿದ್ದ, ಉಳವಪ್ಪ ಗಾಯದ ಎತ್ತನ್ನು ನೋಡಿಕೊಂಡು ಬರುವಷ್ಟರಲ್ಲಿ ಬಯಲು ತುಂಬಿತ್ತು. ಬನ್ನಿ ಗಿಡದ ಪೂಜೆ ಮುಗಿದಿತ್ತು. ಮಂಜಪ್ಪ ಮುಚ್ಚಳದ ಬುಟ್ಟಿ ಇಳಿಸಿದ. ಹಿರೇಕೆರೂರು ಕಡೆಯವರು ಹೊಡೆದರು, ಗುದ್ಲೆಪ್ಪ ಹೊಡೆದ. ಅವನಿಗೆ ತಪ್ಪಿದ್ದು ಕಡಿಮೆ. ಪ್ರತಿ ಈಡಿಗೂ ಉಳವಪ್ಪನ ಹೆಗಲು ತಾನಾಗಿ ಮೇಲೇರುತ್ತಿತ್ತು. ಅಪ್ಪ ಬಿದ್ದದ್ದು ಇದೇ ಬಯಲು. ಆ ಜಾಗದಲ್ಲಿ ಈಗ ಎಕ್ಕೆ ಗಿಡ ಬೆಳೆದಿತ್ತು. ಅದರ ಕಡೆ ನೋಡಬಾರದೆಂದು ಅವನು ಮಂಜಪ್ಪನ ಬುಟ್ಟಿಯನ್ನೇ ನೋಡುತ್ತಿದ್ದ.

ನೀಲಪ್ಪನ ಸರದಿ ಬಂತು. ಅವನು ಬಂದೂಕಿನ ಮಾಲೆ ತೆಗೆದು ಅಣ್ಣನ ಕೈಗೆ ಕೊಟ್ಟ. ಬಂದೂಕನ್ನು ಕೊಡಲಿಲ್ಲ. ಮಡಚಿದ, ತೋಟಾ ಹಾಕಿದ, ಮುಚ್ಚಿದ. ಎಲ್ಲ ಒಂದೇ ಉಸಿರಿನಲ್ಲಿ.

“ನೀಲ್ಯಾ, ಕೊಡಿಲ್ಲೆ” ಎಂದ ಉಳವಪ್ಪ.

“ಅಣ್ಣಾ, ಮಂದಿ ನೋಡಾಕತ್ತಾರ. ಬ್ಯಾಡ.”

“ಕೊಡು.”

“ನಿನ್ನೆ ಪೂಜಿಗೆ ಇಟ್ಟಿದ್ದು. ಅದರಾಗ ಏನಿರ್ತೈತಿ?”

ಗುದ್ಲೆಪ್ಪ ಅತ್ತಲಿಂದ ಕೂಗಿದ. “ಏ ಉಳವಪ್ಪಾ, ಒಳಗ ಅತ್ತಿ ಮನಿ ಕಾಣ್ತೈತೇನೋ? ಬಿಡೋ ಹುಡುಗನ್ನ, ಹೊತ್ತು ಮುಳುಗತೈತಿ!” ಜನ ಗೊಳ್ಳೆಂದರು. ಮಂಜಪ್ಪ ಮುಚ್ಚಳ ಹಿಡಿದ ಕೈ ಮೇಲೆತ್ತಿದ್ದ. ನೀಲಪ್ಪ ಬಂದೂಕು ಹೆಗಲಿಗೆ ಏರಿಸಿದ.

ಉಳವಪ್ಪ ಎಂದೂ ಮಾಡದ ಕೆಲಸ ಮಾಡಿದ. ಓಡಿ ಹೋಗಿ ತೋಟಾ ತುಂಬಿದ ಬಂದೂಕಿನ ನಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ತಮ್ಮನ ಬೆರಳು ಬಂದೂಕಿನ ಕುದುರೆಯ ಮೇಲಿತ್ತು. ಒಂದು ಕ್ಷಣ ಇಬ್ಬರೂ ಹಾಗೆಯೇ ನಿಂತರು. ಅಣ್ಣನ ಮುಖ ನೋಡಿ ನೀಲಪ್ಪ ಬೆರಳು ತೆಗೆದ.

ಉಳವಪ್ಪ ಬಂದೂಕು ಮಡಚಿ, ತೋಟಾ ಹೊರಗೆ ಎಳೆದು, ಬಾಯಿ ಮುಳುಗುವ ಸೂರ್ಯನ ಕಡೆ ತಿರುಗಿಸಿ ಕಣ್ಣಿಟ್ಟ. ಕಪ್ಪು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಆಕಾಶವಿಲ್ಲ.

ಬಾಯಿಗೆ ಬೆರಳು ಹಾಕಿದ, ಸಿಗಲಿಲ್ಲ. ನೆಲದಿಂದ ಒಂದು ತೊಗರಿ ಕಡ್ಡಿ ಎತ್ತಿ ಹಿಂದಿನಿಂದ ತುರುಕಿ ನೂಕಿದ. ಬಿಗಿಯಾಗಿತ್ತು. ಮೊಣಕಾಲಿಗೆ ಕೊಟ್ಟು ನೂಕಿದಾಗ ಬಾಯಿಯಿಂದ ಮೊದಲು ಒಂದು ಇಡೀ ಅಡಿಕೆ ಬಿತ್ತು. ಆಮೇಲೆ ಅರಿಸಿನದ ನೀರಿನಲ್ಲಿ ಕಲಸಿ ಒಣಗಿ ಗಟ್ಟಿಯಾದ ಅಕ್ಕಿಯ ಮುದ್ದೆ. ಕೊನೆಗೆ ಮಡಚಿದ ಸವಣೂರ ಎಲೆ.

“ಬಂದೂಕಿಗೆ ಉಡಿ ತುಂಬ್ಯಾರಪಾ! ಎಷ್ಟು ತಿಂಗಳಂತ?” ಎಂದ ಯಾರೋ. ನಗೆ ಎದ್ದಿತು. ಗುದ್ಲೆಪ್ಪ ಮಾತ್ರ ನಗಲಿಲ್ಲ. ಅವನು ಬಂದೂಕಿನವನು. ಬಾಯಿ ಕಟ್ಟಿದ ನಳಿಗೆ ಈಡು ಹೊರಹೋಗದೆ ಕೈಯಲ್ಲೇ ಸಿಡಿಯುತ್ತದೆಂದು ಅವನಿಗೆ ಗೊತ್ತಿತ್ತು. ಹತ್ತಿರ ಬಂದು ಆ ಅಡಿಕೆಯನ್ನು ನೋಡಿ, ನೀಲಪ್ಪನ ಬೆನ್ನ ಮೇಲೆ ಕೈಯಿಟ್ಟು ನಿಂತ.

ಉಳವಪ್ಪ ಅಕ್ಕಿಯ ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಪೂಜೆಗೆ ಇಟ್ಟದ್ದು ಬರಿದಾಗಿರಬಾರದು, ಮಡಿಲು ತುಂಬಿದಂತೆ ಅಕ್ಕಿ, ಎಲೆ, ಅಡಿಕೆ ತುಂಬಬೇಕು ಎಂಬುದು ಅವ್ವನ ನೇಮ. ಬೀಸುವ ಕಲ್ಲಿಗೂ ಉಡಿ, ಕೂರಿಗೆಯ ಬಟ್ಟಲಿಗೂ ಉಡಿ. ಅಪ್ಪನ ಬಂದೂಕೂ ಮಹಾನವಮಿಗೆ ಅದೇ ಜಗಲಿಯ ಮೇಲೆ ಕುಳಿತಿತ್ತು. ಮದ್ದು, ಚರೆ ತುಂಬಿದ್ದು ತುಂಬಿದಂತೆಯೇ. ಮರುದಿನ ಅಪ್ಪ ಬರೀ ಕೇಪು ಇಟ್ಟಿದ್ದ. ಬಾಯೊಳಗೆ ನೋಡುವ ಕಾರಣವೇ ಅವನಿಗೆ ಇರಲಿಲ್ಲ.

ಉಳವಪ್ಪ ಎಕ್ಕೆ ಗಿಡದ ಹತ್ತಿರವೇ ಕುಳಿತುಬಿಟ್ಟ.

ಅವನು ಕುಳಿತೇ ನಳಿಗೆ ಒರೆಸಿ, ಆಕಾಶ ನೋಡಿ, ಬಂದೂಕು ಕೊಟ್ಟ ಮೇಲೆ ನೀಲಪ್ಪ ಹೊಡೆದ. ಗುರಿ ನಿಲ್ಲಲಿಲ್ಲ. ಮುಚ್ಚಳಗಳು ಇಡಿಯಾಗಿ ಬಂದು ಹುಲ್ಲಿಗೆ ಬಿದ್ದವು. ಮೊದಲ ಬನ್ನಿ ಗುದ್ಲೆಪ್ಪನ ಕೈಯಿಂದಲೇ ಹೋಯಿತು.

ದಾರಿಯಲ್ಲಿ ನೀಲಪ್ಪ ಕುದಿಯುತ್ತಿದ್ದ. “ಅವ್ವಗ ಹೇಳ್ತೇನಿ. ಇವತ್ತ ನಾ ಸಾಯ್ತಿದ್ದೆ ಅಂತ ಹೇಳ್ತೇನಿ.”

“ಹೇಳಬ್ಯಾಡ.”

“ಯಾಕ? ಮತ್ತ ತುಂಬ್ಲೇನು?”

ಉಳವಪ್ಪ ನಿಂತ. “ನೀಲ್ಯಾ, ಅಪ್ಪನ ಬಂದೂಕಿಗೂ ಪೂಜಿ ಮಾಡಿದಾಕಿ ಅಕೀನ ಅಲ್ಲೇನು?” ಎಂದ. ನೀಲಪ್ಪ ಅಣ್ಣನ ಮುಖ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹೇಳುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ತಿಪ್ಪವ್ವ ಪಡಸಾಲೆಯಲ್ಲಿ ಕಾಯುತ್ತಿದ್ದಳು. ಇಬ್ಬರೂ ಬನ್ನಿ ಕೊಟ್ಟು ಕಾಲಿಗೆ ಬಿದ್ದರು. ಅವಳು ನೀಲಪ್ಪನ ಎಡಗೈ ಹಿಡಿದು ಮಗುಚಿ ನೋಡಿದಳು, ಬೆರಳು ಬೆರಳು ಸವರಿದಳು.

“ಛಲೋ ಆತು. ಈ ಸಲ ಆಕಿ ಸಿಟ್ಟಾಗ್ಲಿಲ್ಲ” ಎಂದಳು.

“ಯಾರವ್ವಾ?” ಎಂದ ಉಳವಪ್ಪ.

“ಬಂದೂಕಿನಾಕಿ. ನಿಮ್ಮಪ್ಪ ತೀರ್ಕೊಂಡ ವರ್ಷ ಉಡಿಗೆ ಅಡಿಕಿ ಇರ್ಲಿಲ್ಲಪಾ. ಆಮ್ಯಾಲ ತಂದು ಇಟ್ಟರಾತು ಅಂತ ಮರ್ತೆ. ಬರೇ ಅಕ್ಕಿ, ಎಲಿ. ಅರೆಬರೆ ಉಡಿ ತುಂಬಿದ್ನಂತ ಆಕಿ ನನ್ನ ಕುಂಕುಮ ತಗೊಂಡ್ಲು. ಯಾರ ಮುಂದೂ ಹೇಳಿಲ್ಲ. ಈ ಸಲ ಮೊದಲ ಅಡಿಕಿ ತೆಗೆದಿಟ್ಟೆ.”

ನೀಲಪ್ಪ ಎದ್ದು ಹಿತ್ತಲಿಗೆ ಹೋದ. ಉಳವಪ್ಪ ಏಳಲಿಲ್ಲ. ಒಂದು ಮಾತು ತಪ್ಪಿದರೆ ಈ ಮುದುಕಿ ಇವತ್ತೇ ಮುಗಿದು ಹೋಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಬಯಲಿನಲ್ಲಿ ಆದದ್ದಕ್ಕಿಂತ ಹೆಚ್ಚಿನ ಅಂಜಿಕೆ ಆಗ ಆಯಿತು.

“ಅಡಿಕಿ ಅಲ್ಲವ್ವಾ. ಕಬ್ಬಿಣ ಹಳೇದಿತ್ತು. ಸವಣೂರ ಮಲ್ಲಿಕಸಾಬ್ರೂ ಹೇಳ್ಯಾರ, ಹಳೇ ನಳಿಗಿ ತಾಳಾಂಗಿಲ್ಲಂತ” ಎಂದ. ಸ್ವಲ್ಪ ತಡೆದು, “ಮುಂದಿನ ವರ್ಷದಿಂದ ಉಡಿ ಬಾಯಾಗ ಬ್ಯಾಡವ್ವಾ. ಹೆಣಮಕ್ಕಳಿಗೆ ಉಡಿ ಬಾಯಾಗ ತುಂಬ್ತಾರೇನು? ನಡುವಿನಾಗ ತುಂಬ್ತಾರ. ಬಂದೂಕಿಗೂ ನಡು ಐತಿ ನೋಡು, ಮಡಚೋ ಜಾಗ. ಅಲ್ಲಿ ಕುಪ್ಪಸದ ಖಣದಾಗ ಕಟ್ಟು” ಎಂದ.

ತಿಪ್ಪವ್ವ ಯೋಚಿಸಿದಳು. “ಖರೆ ಐತಿ. ನನಗ ಹೊಳೀಲೇ ಇಲ್ಲ” ಎಂದಳು.

ಅಲ್ಲಿಂದ ಮುಂದೆ ಪ್ರತಿ ಮಹಾನವಮಿಗೂ ಹಸಿರು ಖಣದಲ್ಲಿ ಅಕ್ಕಿ, ಎಲೆ, ಅಡಿಕೆ ಕಟ್ಟಿ ಬಂದೂಕಿನ ನಡುವಿಗೆ ಸುತ್ತುತ್ತಿದ್ದಳು. ನೀಲಪ್ಪ ಮುಂದೆ ಮೊದಲ ಬನ್ನಿ ಗೆದ್ದ, ಸೋತ, ಮತ್ತೆ ಗೆದ್ದ. ಉಳವಪ್ಪನ ಹೆಸರು ಊರಲ್ಲಿ ಹಾಗೆಯೇ ನಿಂತಿತು. ಜನ ನಕ್ಕರು, ಅವನೂ ನಕ್ಕ. ಅವನಿಗೆ ಈಗ ಬಂದೂಕಿಗಿಂತ ಹೆಚ್ಚಾಗಿ ಒಂದು ಮಾತಿನ ಅಂಜಿಕೆ. ಬಯಲಿನಲ್ಲಿ ಆದದ್ದನ್ನು ಯಾರಾದರೂ ನಗುತ್ತ ಅವ್ವನ ಮುಂದೆ ಆಡಿಬಿಟ್ಟರೆ? ಅವಳು ಬಾವಿಗೆ ಹೋದರೆ, ಸಂತೆಗೆ ಹೋದರೆ, ಮರಳಿ ಬಂದಾಗ ಮೊದಲು ಅವಳ ಮುಖ ನೋಡುತ್ತಿದ್ದ.

ಅವಳ ಕೊನೆಯ ವರ್ಷ, ಬನ್ನಿಗೆ ಹೊರಡುವಾಗ ಅಂಗಳದಲ್ಲಿ ಅವನು ಬಂದೂಕು ಮಡಚಿ ನೋಡುತ್ತಿದ್ದ. ತಿಪ್ಪವ್ವ ಕಟ್ಟೆಯ ಮೇಲಿಂದ, “ಏನ್ ನೋಡ್ತಿಯಪಾ ಅದರಾಗ ದಿನಾ?” ಎಂದಳು.

“ಆಕಾಶ ಅವ್ವಾ.”

“ಎಲ್ಲಿ, ನನಗೂ ತೋರಿಸು.”

ಬೇಡ ಎನ್ನಲು ಕಾರಣ ಸಿಗಲಿಲ್ಲ. ಬಂದೂಕು ಎತ್ತಿ ಹಿಡಿದ. ಅವಳು ಮಂಜಾದ ಕಣ್ಣು ಹಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. ಉಳವಪ್ಪನ ತೋಳು ಸೋಲುತ್ತಿತ್ತು, ಆದರೂ ಇಳಿಸಲಿಲ್ಲ.

“ದಾರಿ ಭಾಳ ಸಣ್ಣದೈತಿ” ಎಂದಳು ಕೊನೆಗೆ. “ಅಡಿಕಿ ಹೆಂಗ ಹಿಡಿಸ್ತೋ.”

ಉಳವಪ್ಪ ಬಂದೂಕು ಇಳಿಸಿದ. ಅವಳು ಬಂದೂಕಿನ ನಡುವಿನಿಂದ ಬಿಚ್ಚಿ ಕಟ್ಟೆಯ ಮೇಲಿಟ್ಟಿದ್ದ ಖಣ ಎತ್ತಿಕೊಂಡು, ಅಕ್ಕಿ ಚೆಲ್ಲದಂತೆ ಸೆರಗಿನಲ್ಲಿ ಹಿಡಿದು ಒಳಗೆ ಹೋದಳು.